ಹುಲಿ ಕಾಣುತ್ತದೆ ಎಂದು ಬರೆಯದ ಅಕ್ಕಾವ್ರು

ಅಕ್ಕಾವ್ರು ಕೆಲಸ ಬಿಟ್ಟ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ಗುಂಡ್ಲುಪೇಟೆಯಲ್ಲಿ ಹತ್ತಿದ ಹಂಗಳದ ಹೆಂಗಸೊಬ್ಬರು ನನ್ನ ಪಕ್ಕ ಕೂತು, "ಲಾಡ್ಜಿನ ಅಕ್ಕಾವ್ರು ಬೀಗದ ಕೈನೆಲ್ಲ ತಮ್ಮನ ಸೊಸೆ ಕೈಗೆ ಕೊಟ್ಬುಟ್ರು ಕಣಮ್ಮಿ. ಇನ್ನ ಬಿಸಿಲು ಮಕ ಸುಡೋಗಂಟ ಮಲಗ್ತೀನಿ ಅಂದವ್ರಂತೆ" ಎಂದರು. ನನಗೆ ನಗು ಬಂತು. ಅಕ್ಕಾವ್ರು ಮಲಗಿದ್ದನ್ನು ನೋಡಿದವರು ಆ ಲಾಡ್ಜಿನಲ್ಲಿ ಯಾರೂ ಇಲ್ಲ. ಮನೆಗೆ ಬಂದವಳೇ ೧೯೯೮ರ ಡೈರಿ ತೆಗೆದೆ. ಜೂನ್ ತಿಂಗಳಿಂದ ದಸರಾ ರಜೆಯವರೆಗೆ ಹೆಚ್ಚುಕಡಿಮೆ ಪ್ರತಿ ಮಂಗಳವಾರ ಮತ್ತು ಶುಕ್ರವಾರದ ಪುಟದಲ್ಲಿ ಅವರಿದ್ದಾರೆ.

ಆಗ ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಚಂದಕವಾಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಜಿಲ್ಲಾ ಕೇಂದ್ರವಾಗಿ ಇನ್ನೂ ವರ್ಷ ತುಂಬದ ಊರಿಗೆ ಇಂಟರ್‌ನೆಟ್ ಹೊಸದು. ನಮ್ಮ ಸೆಂಟರಿನಲ್ಲಿ ಒಂದೇ ಒಂದು ಕಂಪ್ಯೂಟರಿಗೆ ಅದರ ಸಂಪರ್ಕವಿತ್ತು. ಆ ಕಂಪ್ಯೂಟರಿನ ಮುಂದೆ ನಾನು, ನನ್ನ ಪಕ್ಕದ ಕುರ್ಚಿಯಲ್ಲಿ ಅಕ್ಕಾವ್ರು. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ದಾರ ಕಟ್ಟಿಕೊಂಡಿದ್ದರು. ಕೂತ ತಕ್ಷಣ ಸೆರಗಿನಿಂದ ಪರದೆಯ ಧೂಳು ಒರೆಸುತ್ತಿದ್ದರು. ಆಮೇಲೆ ಕೈಚೀಲದಿಂದ ಬೇಯಿಸಿದ ಕಡಲೆಕಾಯಿ ತೆಗೆದು ಟೈಪಿಂಗ್ ಕಲಿಯಲು ಬಂದವರಿಗೆಲ್ಲ ಹಂಚುತ್ತಿದ್ದರು. ಅಷ್ಟು ಹೊತ್ತಿಗೆ ಫೋನ್ ಲೈನು ಹಿಡಿಯುವ ಮೋಡೆಮ್ ಕಿರುಚಲು ಶುರುಮಾಡುತ್ತಿತ್ತು. "ಅತ್ಕಳ್ಳಿ ಬುಡು, ಸಮಾಧಾನ ಆದ್ಮೇಲೆ ಮಾತಾಡ್ತದ" ಎನ್ನುತ್ತಿದ್ದರು.

ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಗುಂಡ್ಲುಪೇಟೆಯ ತಮ್ಮನ ಮನೆಯಲ್ಲಿ ಬಹಳ ವರ್ಷ ಇದ್ದರು. ತಮ್ಮನವರದು ಬೆಳ್ಳುಳ್ಳಿ ವ್ಯಾಪಾರ. ಬಂಡೀಪುರದ ಕಡೆಗೆ ಹೋಗುವ ಕಾರುಗಳನ್ನು ನೋಡಿ ನೋಡಿ ಆಸೆ ಹುಟ್ಟಿ, ಹಂಗಳದ ರಸ್ತೆಬದಿಯ ತಮ್ಮ ಜಮೀನಿನಲ್ಲಿ ಆರು ರೂಮಿನ ಒಂದು ಲಾಡ್ಜ್ ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ಅಕ್ಕನನ್ನು ಕಳಿಸಿದರು. ಕಾರುಗಳು ಮೊದಲಿನಂತೆಯೇ ನಿಲ್ಲದೆ ಹೋಗುತ್ತಿದ್ದವು. ರಾತ್ರಿ ಕಾಡಿನ ರಸ್ತೆ ಬೇಡವೆನ್ನುವ ಲಾರಿಯವರು ಆಗೊಮ್ಮೆ ಈಗೊಮ್ಮೆ ಉಳಿಯುತ್ತಿದ್ದರು, ಅಷ್ಟೆ. ಆದರೂ ಅಕ್ಕಾವ್ರಿಗೆ ಆ ಲಾಡ್ಜ್ ಎಂದರೆ ಪ್ರಾಣ. "ತಮ್ಮನ ಮನೇಲಿ ನಂಗೇನೂ ಕಮ್ಮಿ ಇರ್ನಿಲ್ಲ ಅಮ್ಮಿ, ಕೆಲಸ ಒಂದು ಬುಟ್ಟು" ಎಂದು ಒಮ್ಮೆ ಹೇಳಿದ್ದರು.

ಮೊದಲ ದಿನ ಅಕ್ಕ ತಮ್ಮ ಇಬ್ಬರೂ ಬಂದಿದ್ದರು. ತಮ್ಮನವರ ಜೇಬಿನಲ್ಲಿ ಒಂದು ಫ್ಲಾಪಿ. ಬೆಂಗಳೂರಿನ ಯಾರೋ ಪರಿಚಯದವರು ಅದರ ತುಂಬ ಇಮೇಲ್ ವಿಳಾಸಗಳನ್ನು ಹಾಕಿಕೊಟ್ಟಿದ್ದರಂತೆ. ಅಷ್ಟೂ ಜನಕ್ಕೆ ಒಂದೇ ಏಟಿಗೆ ಕಳಿಸಬೇಕೆಂದು ನಿಂತುಕೊಂಡೇ ಹೇಳಿ ಬರೆಸಿದರು: "ಹುಲಿ ಗ್ಯಾರಂಟಿ. ಎರಡೇ ರೂಮು ಉಳಿದಿವೆ. ಇವತ್ತೇ ಬುಕ್ ಮಾಡಿ, ನಾಳೆ ಸಿಗುವುದಿಲ್ಲ."

ಅಕ್ಕಾವ್ರು ಕೇಳಿದರು: "ಎರಡೇ ಉಳಿದವ ಅಂತೀಯಲ್ಲ, ಮಿಕ್ಕ ನಾಕ್ರಲ್ಲಿ ಯಾರವ್ರೆ?"

"ಯಾರೂ ಇಲ್ಲ. ಅಂಗೆ ಬರೀಬೇಕು ಅಕ್ಕಯ್ಯ. ಓದ್ದೋರಿಗೆ ಅವಸರ ಹುಟ್ಬೇಕು."

"ಬಂದೋರು ಆ ನಾಕು ರೂಮಲ್ಲಿ ಯಾರವ್ರೆ ಅಂದ್ರೆ?"

"ಒಳಗೆ ಮಲಗವ್ರೆ ಅನ್ನು."

"ಹೊರಗಡೆಯಿಂದ ಬೀಗ ಹಾಕ್ಕಂಡು ಒಳಗೆ ಮಲಗವ್ರಾ?"

ನಾನು ನಗು ತಡೆಯಲಾರದೆ ಕೀಬೋರ್ಡಿನ ಕಡೆಗೆ ತಲೆ ಬಗ್ಗಿಸಿದೆ. ತಮ್ಮನವರು "ಮೇಡಂ, ನೀವು ಕಳ್ಸಿ" ಎಂದರು. ಕಳಿಸಿದೆ. ಆ ವಾರದ ಲೆಕ್ಕ ನನ್ನ ಡೈರಿಯಲ್ಲಿ ಹೀಗಿದೆ: ಕಳಿಸಿದ್ದು ಇನ್ನೂರರ ಹತ್ತಿರ, ವಿಳಾಸ ತಪ್ಪೆಂದು ವಾಪಸು ಬಂದದ್ದು ಅರ್ಧ, ಬೈಗುಳ ಮೂರು, ಬುಕಿಂಗ್ ಸೊನ್ನೆ.

ತಮ್ಮನವರಿಗೆ ಅಲ್ಲಿಗೇ ಇಂಟರ್‌ನೆಟ್ಟಿನ ಹುಮ್ಮಸ್ಸು ಇಳಿಯಿತು. "ದಸರಾ ರಜ ಮುಗಿಯೋದ್ರೊಳಗೆ ಒಂದಿನ, ಒಂದೇ ಒಂದಿನ, ಆರೂ ರೂಮು ತುಂಬಿರೋದು ತೋರ್ಸು ಅಕ್ಕಯ್ಯ. ಇಲ್ಲಾಂದ್ರೆ ಮಂಚ ಎತ್ತಿಸಿ ಬೆಳ್ಳುಳ್ಳಿ ತುಂಬ್ತೀನಿ. ಇರೋ ಗೋದಾಮಲ್ಲಿ ಜಾಗ ಸಾಲ್ತಿಲ್ಲ" ಎಂದು ನಮ್ಮ ಸೆಂಟರಿನ ಬಾಗಿಲಲ್ಲೇ ಹೇಳಿ ಹೋದರು. ಅಕ್ಕಾವ್ರು ಎದ್ದು ಹೋಗಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, "ಬೈದಿರೋರು ಮೂರು ಜನ ಅವ್ರಲ್ಲ, ಅವ್ರದ್ದು ಓದಮ್ಮಿ" ಎಂದರು.

ಇಬ್ಬರದು ಒಂದೊಂದು ಸಾಲು. ಮೂರನೆಯವರು ಪುಣೆಯ ಒಬ್ಬ ನಿವೃತ್ತರು. ನನ್ನ ವಿಳಾಸ ಕೊಟ್ಟವರು ಯಾರು, ಇನ್ನೊಮ್ಮೆ ಕಳಿಸಿದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಉದ್ದಕ್ಕೆ ಬರೆದಿದ್ದರು. ಅಕ್ಕಾವ್ರು ಅವರಿಗೆ ಉತ್ತರ ಬರೆಸಿದರು. ಹೇಳದೆ ಕೇಳದೆ ನಿಮ್ಮ ಮನೆಗೆ ನುಗ್ಗಿದಂತಾಯಿತು, ತಪ್ಪಾಯಿತು, ಇನ್ನು ಕಳಿಸುವುದಿಲ್ಲ. ನಿನ್ನೆ ನಮ್ಮಲ್ಲಿ ಒಳ್ಳೆಯ ಮಳೆ ಬಂತು. ನಿಮ್ಮಲ್ಲಿ ಎಲ್ಲರೂ ಕ್ಷೇಮವೇ?

"ಕ್ಷೇಮವೇ ಅಂತ ಕೇಳಿದ್ರೆ ಅವರು ಮತ್ತೆ ಬರೀಬೇಕಾಗುತ್ತೆ ಅಕ್ಕಾವ್ರೆ" ಎಂದೆ.

"ಬರೀಲಿ ಬುಡು. ಬಯ್ಯೋಕೆ ಪುರುಸೊತ್ತು ಇತ್ತಲ್ಲ."

ಕಳಿಸಿದ ಮೇಲೂ ಅವರು ಏಳಲಿಲ್ಲ. ಫೋನು ಹಿಡಿದವರಂತೆ ಪರದೆ ನೋಡುತ್ತ, "ಏನಂದ್ರು?" ಎಂದು ಕೇಳಿದರು. ಪುಣೆಯವರು ತೆರೆದು ಓದಿದ ಮೇಲೆ ಉತ್ತರ ಬರುತ್ತದೆ ಎಂದು ವಿವರಿಸಿದೆ. "ಊಟಕ್ಕೆ ಹೋಗಿರ್ಬೇಕು" ಎಂದು ಎದ್ದರು. ಮುಂದಿನ ಮಂಗಳವಾರ ಪುಣೆಯಿಂದ ಉತ್ತರ ಬಂದಿತ್ತು. ಎಲ್ಲರೂ ಕ್ಷೇಮ, ನನಗೆ ಮಾತ್ರ ಕೆಮ್ಮು ಎಂದು ಬರೆದಿದ್ದರು. ಅಕ್ಕಾವ್ರು ಒಣಶುಂಠಿ, ಮೆಣಸು, ಬೆಲ್ಲದ ಕಷಾಯ ಹೇಳಿಕೊಟ್ಟರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಕೆಮ್ಮು ಸ್ವಲ್ಪ ಕಡಿಮೆಯಾಗಿದೆ ಎಂದು ಅವರು ಬರೆದಾಗ, "ಸ್ವಲ್ಪವೇಯ? ಬೆಲ್ಲ ಜಾಸ್ತಿ ಹಾಕ್ಕಂಡವ್ರೆ" ಎಂದು ತೀರ್ಮಾನಿಸಿದರು. ಆ ಪುಣೆಯವರು ಹಂಗಳಕ್ಕೆ ಒಂದು ಸಲವೂ ಬರಲಿಲ್ಲ. ಅಕ್ಕಾವ್ರಿಗೆ ಅದು ನೆನಪಾದಂತೆಯೂ ಕಾಣಲಿಲ್ಲ. ಪ್ರತಿ ಸಲ ಬಂದಾಗ "ನಮ್ಮ ಕೆಮ್ಮಿನೋರು ಏನಾದ್ರೂ ಬರ್ದವ್ರಾ?" ಎಂದೇ ಶುರು.

ನಮ್ಮ ಸೆಂಟರಿನ ಮಾಲೀಕರು ಕಾಡು ಸುತ್ತುವವರೆಲ್ಲ ನೋಡುವ ಒಂದು ಇಂಟರ್‌ನೆಟ್ ಪುಟದಲ್ಲಿ ಲಾಡ್ಜಿನ ವಿಳಾಸ ಸೇರಿಸಿದರು. ವಾರಕ್ಕೆ ನಾಲ್ಕೈದು ವಿಚಾರಣೆಗಳು ಬರತೊಡಗಿದವು. ಬಾಡಿಗೆ ಎಷ್ಟು ಎಂಬುದು ಎಲ್ಲರ ಮೊದಲ ಪ್ರಶ್ನೆ. ನಾನು ಅದನ್ನೇ ಮೊದಲು ಓದಿದರೆ ಅಕ್ಕಾವ್ರು ಕೈ ಅಡ್ಡ ಹಿಡಿಯುತ್ತಿದ್ದರು. "ಯಾರ್ಯಾರು ಬರ್ತಾರೆ ಅಂತ ಓದು. ಮಕ್ಳವ? ವಯಸ್ಸಾದೋರು ಅವ್ರಾ?" ಅಷ್ಟು ತಿಳಿಯದೆ ಒಂದಕ್ಷರ ಬರೆಸುತ್ತಿರಲಿಲ್ಲ. ಬಾಡಿಗೆಯನ್ನೂ ಮುಚ್ಚಿಡುತ್ತಿರಲಿಲ್ಲ. ಅದನ್ನು ಹೇಳಿ, ಮುಂದೆ ಆ ವಾರ ಏನು ಕಂಡಿತು, ಏನು ಕಾಣಲಿಲ್ಲ ಎಂದು ಬರೆಸುತ್ತಿದ್ದರು. ಈ ವಾರ ಆನೆ ಕಂಡಿಲ್ಲ. ಜಿಂಕೆ ದಿನವೂ ಕಾಣುತ್ತವೆ. ನವಿಲು ಬೇಡವೆಂದರೂ ಬರುತ್ತವೆ. ಮಧ್ಯಾಹ್ನ ಕರೆಂಟು ಹೋಗುತ್ತದೆ.

"ಕರೆಂಟು ಹೋಗೋದನ್ನ ಯಾಕೆ ಬರೀಬೇಕು?" ಎಂದು ನಾನೇ ಒಮ್ಮೆ ಕೇಳಿದೆ.

ಅದಕ್ಕೆ ಅವರು ತೆರಕಣಾಂಬಿಯ ತಮ್ಮ ತಂದೆಯ ಬಟ್ಟೆ ಅಂಗಡಿಯ ಕತೆ ಹೇಳಿದರು. ಮದುವೆಗೆ ಮುಂಚೆ ಅವರೂ ಆ ಅಂಗಡಿಯ ಜಮಖಾನೆಯ ಮೇಲೆ ಕೂತು ಸೀರೆ ಮಡಿಸಿದವರು. "ನಮ್ಮಪ್ಪ ಸೀರೆ ಕೇಳಿದೇಟ್ಗೆ ಸೀರೆ ತೆಗೀತಿರ್ನಿಲ್ಲ. ಯಾರ ಮದ್ವೆ, ಹೆಣ್ಣು ಯಾವೂರು, ಕಪ್ಪೋ ಕೆಂಪೋ ಅಂತ ಕೇಳೋನು. ಇದು ಒಗೆದ್ರೆ ಬಣ್ಣ ಬುಡ್ತದ ಅಂತ ತಾನೇ ಹೇಳ್ಬುಡೋನು. ಬ್ಯಾಡದ ಸೀರೆ ತಲೆಗೆ ಕಟ್ಟಿದ್ರೆ ಅದನ್ನ ಉಟ್ಟಾಗೆಲ್ಲ ನಮ್ಮನ್ನ ಬಯ್ತಾರೆ ಅನ್ನೋನು. ಇವ್ರು ಅಷ್ಟು ದೂರದಿಂದ ಬಂದು ಫ್ಯಾನ್ ತಿರುಗಲಿಲ್ಲ ಅಂತ ನನ್ನ ಬಯ್ಯೋದು ಬ್ಯಾಡ ಅಮ್ಮಿ."

ಆಗಸ್ಟಿನಲ್ಲಿ ಬೆಂಗಳೂರಿನ ಒಬ್ಬ ಸೊಸೆ ಬರೆದಳು. ಅತ್ತೆ, ಮಾವ, ಗಂಡ, ತಾನು ಬರುತ್ತೇವೆ, ಅತ್ತೆಗೆ ಮಂಡಿ ನೋವು ಎಂದು. ಅಕ್ಕಾವ್ರು ತಕ್ಷಣ ಬೇಡವೆಂದು ಬರೆಸಿದರು. ಕೆಳಗಿನ ರೂಮಿಗೆ ಸುಣ್ಣ ಹೊಡೆಯುತ್ತಿದ್ದೇವೆ, ಮೇಲಕ್ಕೆ ಮೆಟ್ಟಿಲು ಕಡಿದು, ನಿಮ್ಮ ಅತ್ತೆಯವರಿಗೆ ಆಗುವುದಿಲ್ಲ, ದಸರಾ ರಜೆಗೆ ಬನ್ನಿ. ತಮ್ಮನವರಿಗೆ ಇದು ಗೊತ್ತಾಗಿ ಸೆಂಟರಿಗೇ ಫೋನ್ ಮಾಡಿದರು. ಅಕ್ಕಾವ್ರು ಫೋನನ್ನು ಕಿವಿಯಿಂದ ದೂರ ಹಿಡಿದಿದ್ದರಿಂದ ಮಾತೆಲ್ಲ ನನಗೂ ಕೇಳುತ್ತಿತ್ತು. "ಬರೋರ್ನೇ ಬರಬ್ಯಾಡಿ ಅಂತೀಯಲ್ಲಕ್ಕಯ್ಯ, ನೀನು ಲಾಡ್ಜ್ ನಡುಸ್ತಿದ್ದೀಯ ಇಲ್ಲ ಮುಚ್ಚುಸ್ತಿದ್ದೀಯ?" ಅಕ್ಕಾವ್ರು "ಸುಣ್ಣ ಒಣಗ್ಲಿ ಇರ್ಲಾ" ಎಂದು ಫೋನಿಟ್ಟರು. ಆ ಸೊಸೆ ಮಾತ್ರ ದಸರಾವರೆಗೂ ಬರೆಯುತ್ತಲೇ ಇದ್ದಳು. ಅತ್ತೆಯ ಮಂಡಿಯ ಸಮಾಚಾರವಲ್ಲದೆ, ಅತ್ತೆಯೇ ಹೇಳಿದ ಹುಣಸೆ ತೊಕ್ಕಿನ ವಿಧಾನವೂ ಒಂದು ಇಮೇಲಿನಲ್ಲಿ ಬಂತು.

ಅಕ್ಕಾವ್ರ ಇನ್ನೊಂದು ಪದ್ಧತಿಯಿಂದ ನಮಗೆ ಒಂದು ದಿನವಿಡೀ ನಗು ಸಿಕ್ಕಿತು. ಲಾಡ್ಜಿಗೆ ಬಂದ ಹೆಂಗಸರನ್ನು ಅವರು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಕುಂಕುಮ ಇಟ್ಟು, ಎಲೆ ಅಡಿಕೆಯ ಜೊತೆ ಒಂದು ರವಿಕೆ ಬಟ್ಟೆ ಕೊಡುತ್ತಿದ್ದರು. ಬಟ್ಟೆ ಅಂಗಡಿಯ ಮಗಳು, ಅದಿಲ್ಲದೆ ಆಗದು. ಊಟಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಇಂಗ್ಲೆಂಡಿನ ಮೇಡಂ ಒಬ್ಬರು ಹಕ್ಕಿ ನೋಡಲು ದಸರಾ ರಜೆಗೆ ಬರುವುದಾಗಿ ಬರೆದಾಗ, "ಹೆಂಗಸ್ರು ಎಷ್ಟು ಜನ ಅಂತ ಕೇಳು, ರವಿಕೆ ಬಟ್ಟೆ ತರಬೇಕು" ಎಂದರು. ನಾನು ಹಾಗೆಯೇ ಬರೆದೆ. ತಲೆಗೊಂದು ರವಿಕೆ ಬಟ್ಟೆ ಇರುತ್ತದೆ, ಎಷ್ಟು ಜನ ಎಂದು ತಿಳಿಸಿ. ಉತ್ತರ ಬಂತು: ನಾಲ್ವರು. ಈ ಬಟ್ಟೆ ಧರಿಸದೆ ಕಾಡಿನೊಳಗೆ ಬಿಡುವುದಿಲ್ಲವೇ? ಪ್ರಾಣಿಗಳು ಹೆದರದ ಬಣ್ಣ ಯಾವುದು?

ನಾನು ಓದಿ ಹೇಳಿದಾಗ ಅಕ್ಕಾವ್ರು ದಾರದ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ನಕ್ಕರು. ಟೈಪಿಂಗ್ ಮಾಡುತ್ತಿದ್ದವರೆಲ್ಲ ನಿಲ್ಲಿಸಿ ನೋಡಿದರು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಹಸಿರೇ ತರ್ತೀನಿ ಅಂತ ಬರಿ. ಅವ್ರು ಕೇಳಿದ್ರಲ್ಲೂ ನ್ಯಾಯ ಅದ" ಎಂದರು.

ಸೆಪ್ಟೆಂಬರಿನ ಒಂದು ಶುಕ್ರವಾರ ಬಂದ ವಿಚಾರಣೆಯನ್ನು ಮಾತ್ರ ನಾನು ಎರಡು ಸಲ ಓದಿಕೊಂಡೆ. ಬೆಂಗಳೂರಿನ ಒಂದು ಕಂಪನಿಯವರು. ದಸರಾ ರಜೆಯ ಮೊದಲ ಎರಡು ದಿನ ಆರೂ ರೂಮು ಬೇಕು, ಅಷ್ಟಕ್ಕೂ ಮುಂಗಡ ಕಳಿಸುತ್ತೇವೆ. ಒಂದೇ ಶರತ್ತು, ಹುಲಿ ಕಂಡೇ ಕಾಣುತ್ತದೆ ಎಂದು ನೀವು ಬರೆದು ಕೊಡಬೇಕು.

ತಮ್ಮನವರು ಅಂದು ವ್ಯಾಪಾರಕ್ಕೆಂದು ಚಾಮರಾಜನಗರಕ್ಕೆ ಬಂದವರು ಅಕ್ಕನನ್ನು ವಾಪಸು ಕರೆದುಕೊಂಡು ಹೋಗಲು ನಮ್ಮಲ್ಲಿಗೇ ಬಂದಿದ್ದರು. ವಿಷಯ ಕೇಳಿ ಮುಖ ಅರಳಿತು. "ನೋಡಿದ್ಯಾ ಅಕ್ಕಯ್ಯ! ನೀನು ಗೆದ್ದೆ. ಬರ್ದುಬುಡಿ ಮೇಡಂ, ಕಾಣ್ತದೆ ಅಂತ."

"ಕಾಣ್ದೆ ಹೋದ್ರೆ?" ಎಂದರು ಅಕ್ಕಾವ್ರು.

"ನೀವು ಬರೋಕೆ ಮುಂಚೆ ಈಗ ತಾನೇ ಹೋಯ್ತು ಅನ್ನು. ಅವ್ರೇನು ಹುಲೀನ ಕೇಳ್ತಾರಾ?"

"ಅಷ್ಟು ಜನ ಮುಖ ಇಳೇಬುಟ್ಕಂಡು ಊಟಕ್ಕೆ ಕೂತಿರ್ತಾರೆ. ಬಡಿಸೋಳು ನಾನು ಕಣ್ಲಾ, ನೀನಲ್ಲ."

"ಒಂದಿನ ತಾನೇ? ಗೋದಾಮು ಆಗೋದು ಬ್ಯಾಡ ಅಂದ್ರೆ ಒಂದಿನ ಸಹಿಸ್ಕೋ. ಅಲ್ದೆ ಹೋದ್ರೆ ರಜ ಮುಗಿದ ವಾರದೊಳಗೆ ನೀನು ಮನೆಗೆ ವಾಪಸ್ ಬಂದಿರ್ತೀಯ. ಯೋಚ್ನೆ ಮಾಡು."

ಅಕ್ಕಾವ್ರು ಯೋಚನೆ ಮಾಡಿದರು. ನೀರು ಕೇಳಿ ಕುಡಿದರು. ಆಮೇಲೆ, "ಬೆಳ್ಳುಳ್ಳಿ ವಾಸನೆ ಒಂದ್ಸಲ ಹಿಡಿದ್ರೆ ಗೋಡೆ ಬುಡಲ್ಲ, ಅಲ್ವಾ?" ಎಂದು ಯಾರಿಗೋ ಎಂಬಂತೆ ಕೇಳಿದರು. "ಬರ್ಕೋ ಅಮ್ಮಿ" ಎಂದು ಹೇಳಿ ಬರೆಸಿದ್ದು ಇದು:

"ಹುಲಿ ಕಾಡಿನಲ್ಲಿದೆ. ಯಾವ ದಿನ ಯಾವ ಕಡೆ ಹೋಗುತ್ತೇನೆಂದು ಅದು ನಮಗೆ ಹೇಳುವುದಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಎರಡು ಸಲ ನೋಡಿದ್ದೇನೆ. ಎರಡು ಸಲವೂ ಕಂಡದ್ದು ಬೆನ್ನು ಮಾತ್ರ. ಜಿಂಕೆ, ನವಿಲು, ಕಾಡುಕೋಣ ಸಾಮಾನ್ಯವಾಗಿ ಕಾಣುತ್ತವೆ. ಬಂದರೆ ಸಂತೋಷ. ನಿಮ್ಮ ಜೊತೆ ಮಕ್ಕಳು ಎಷ್ಟು ಜನ?"

ತಮ್ಮನವರು ಅಕ್ಕನನ್ನು ಬಿಟ್ಟು ಒಬ್ಬರೇ ಹೊರಟುಹೋದರು. ಅಕ್ಕಾವ್ರು ಬಸ್ಸಿನಲ್ಲಿ ಹೋದರು. ಮಂಗಳವಾರ ಕಂಪನಿಯವರ ಉತ್ತರ ಬಂತು. ಒಂದೇ ಸಾಲು, ಬೇರೆ ಕಡೆ ಬುಕ್ ಮಾಡಿದ್ದೇವೆ ಎಂದು. ಅವರಿಗೆ ಹುಲಿ ಕಂಡಿತೋ ಇಲ್ಲವೋ ನಮಗೆ ಗೊತ್ತಾಗಲೇ ಇಲ್ಲ.

ರಜೆ ಮುಗಿಯುವ ಹಿಂದಿನ ದಿನ ನಾನು ಹಂಗಳಕ್ಕೆ ಹೋದೆ. ಅಕ್ಕಾವ್ರು ಬರಲೇಬೇಕೆಂದು ಹಟ ಹಿಡಿದಿದ್ದರು. ಇಂಗ್ಲೆಂಡಿನ ಮೇಡಂ ಮತ್ತು ಗೆಳತಿಯರಿಗೆ ಎರಡು ರೂಮು, ಬೆಂಗಳೂರಿನವರಿಗೆ ಕೆಳಗೊಂದು ಮೇಲೊಂದು, ಕಲ್ಲಿಕೋಟೆಯ ಗಂಡ ಹೆಂಡತಿಗೆ ಒಂದು. ಒಟ್ಟು ಐದು. ಮೇಲಿನ ಮೂಲೆಯ ರೂಮಿಗೆ ಬೀಗವಿತ್ತು. ಮರುದಿನ ಬೆಳಿಗ್ಗೆ ಎಲ್ಲರೂ ಹೊರಡುವವರು. ಅಂದರೆ ಉಳಿದಿದ್ದು ಅದೊಂದೇ ದಿನ. ನಾನು ಬೆರಳಲ್ಲಿ ಎಣಿಸುತ್ತಿದ್ದುದನ್ನು ಅಕ್ಕಾವ್ರು ನೋಡಿ, "ಎಷ್ಟು ಸಲ ಎಣಿಸಿದ್ರೂ ಐದೇಯ ಅಮ್ಮಿ. ಬಾ, ಅವರೆಕಾಳು ಹಿಸುಕು" ಎಂದು ಅಡುಗೆಮನೆಗೆ ಎಳೆದುಕೊಂಡು ಹೋದರು. ಅಲ್ಲಿ ಆಗಲೇ ಇಂಗ್ಲೆಂಡಿನ ಮೇಡಂ ಚಕ್ಕಳಮಕ್ಕಳ ಹಾಕಿ ಕೂತು, ಹಸಿರು ರವಿಕೆ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಕಾಳು ಹಿಸುಕುತ್ತಿದ್ದರು. ಹಿಸುಕಿದ ಕಾಳು ಪಾತ್ರೆ ಬಿಟ್ಟು ಬೇರೆ ಎಲ್ಲ ಕಡೆಗೂ ಹಾರುತ್ತಿತ್ತು.

ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ಹೊರಗೆ ವ್ಯಾನಿನ ಶಬ್ದವಾಯಿತು. ತಮ್ಮನವರು ಬೆಳ್ಳುಳ್ಳಿ ಮೂಟೆ ಹೇರಿಕೊಂಡೇ ಬಂದಿದ್ದರು. "ಮೂಲೆ ರೂಮಿಂದ ಶುರು ಮಾಡನ. ಮಿಕ್ಕಿದ್ದು ನಾಳೆ ಇವ್ರೆಲ್ಲ ಹೋದ್ಮೇಲೆ" ಎಂದು ಅಕ್ಕನ ಮುಂದೆ ಕೈ ಚಾಚಿ ಬೀಗದ ಕೈ ಕೇಳಿದರು. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. ಅಕ್ಕಾವ್ರು ಸೊಂಟದ ಗೊಂಚಲಿಗೆ ಕೈ ಹಾಕಿದರು. ಅವರ ಬೆರಳಿಗೆ ಆ ರೂಮಿನ ಬೀಗದ ಕೈ ಬೇಗ ಸಿಗಲಿಲ್ಲ.

ಅಷ್ಟರಲ್ಲಿ ಕೆಳಗಿನ ರೂಮಿನಿಂದ ಬೆಂಗಳೂರಿನ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಅಕ್ಕಾವ್ರ ಕಿವಿಯ ಹತ್ತಿರ ಬಗ್ಗಿದರು. ಗುಟ್ಟಿನ ಮಾತೇ ಆದರೂ ಅವರ ಗುಟ್ಟು ವ್ಯಾನಿನವರೆಗೆ ಕೇಳಿಸುವಂತಿತ್ತು.

"ನಿಮ್ಮ ಹತ್ರ ಅಂತ ಹೇಳ್ತಿದ್ದೀನಿ ಕಣ್ರೀ. ನಮ್ಮ ಸೊಸೆ ನಿಮಗೆ ನನ್ನ ಮಂಡಿ ವಿಷಯ ಎಲ್ಲ ಬರೆದಳು. ಇವರ ಗೊರಕೆ ವಿಷಯ ಬರೀಲಿಲ್ಲ. ಮದುವೆ ಆದಾಗಿಂದ ಕೇಳ್ತಿದ್ದೀನಿ. ರಾತ್ರಿ ಕಣ್ಣು ಮುಚ್ಚಿಲ್ಲ. ಮೇಲೆ ಒಂದು ರೂಮು ಖಾಲಿ ಇದೆಯಲ್ಲ, ಅದನ್ನೂ ನಾವೇ ತಗೊಳ್ತೀವಿ. ಇವತ್ತೊಂದು ರಾತ್ರಿ ಇವರನ್ನ ಅಲ್ಲಿಗೆ ಹತ್ತಿಸಿಬಿಡಿ."

"ಬೇರೆ ಯಾರ ಹತ್ರಾನೂ ಹೇಳೋಕಾಯ್ತದಾ ಇದನ್ನ" ಎಂದು ಅಕ್ಕಾವ್ರು ಅವರ ಕೈ ಹಿಡಿದುಕೊಂಡರು. ಹಿಂದೆಯೇ ಮಾವನವರು ದಿಂಬು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಬೇಸರದ ಸುಳಿವೇ ಇಲ್ಲ. "ಮೇಲಿಂದ ಕಾಡು ಕಾಣುತ್ತಾ? ಹಾಗಾದ್ರೆ ಈಗಲೇ ಹೋಗ್ತೀನಿ" ಎಂದರು. ಅಕ್ಕಾವ್ರಿಗೆ ಬೀಗದ ಕೈ ಥಟ್ಟನೆ ಸಿಕ್ಕಿತು. ಮಾವನವರು ಮೆಟ್ಟಿಲು ಹತ್ತಿದರು.

ತಮ್ಮನವರು ಚಾಚಿದ ಕೈ ಇಳಿಸಿರಲಿಲ್ಲ. "ಇದು ಲೆಕ್ಕಕ್ಕಿಲ್ಲ ಅಕ್ಕಯ್ಯ. ಗೊರಕೆಗೆ ಕೊಟ್ಟ ರೂಮೆಲ್ಲ ಬುಕಿಂಗ್ ಅಂತ ಅನ್ಸ್ಕೊಳ್ಳಲ್ಲ."

"ಗೊರಕೆ ಹೊಡೆಯೋರು ಬರಬಾರ್ದು ಅಂತ ಅಂದಿದ್ಯಾ? ತುಂಬಿರೋದು ತೋರ್ಸು ಅಂದೆ. ಹತ್ತಿ ನೋಡ್ಕಂಡು ಬಾ."

ಅವರು ಹತ್ತಬೇಕಾಗಲಿಲ್ಲ. ಮೂಲೆಯ ರೂಮಿನಿಂದ ಗೊರಕೆ ಆಗಲೇ ಮೆಟ್ಟಿಲಿಳಿದು ಬರುತ್ತಿತ್ತು. ಕಲ್ಲಿಕೋಟೆಯವರು ಬಾಗಿ ಕಾಡಿನ ಕಡೆ ನೋಡಿದರು. ತಮ್ಮನವರು ತಲೆಯೆತ್ತಿ ಸ್ವಲ್ಪ ಹೊತ್ತು ಕೇಳುತ್ತ ನಿಂತರು. ಅವರ ಮೀಸೆ ಅಲುಗಿತು. ಆಮೇಲೆ ಅವರೇ ಮೊದಲು ನಕ್ಕರು.

"ಅಣ್ಣ, ಮೂಟೆ ಎಲ್ಲಿಗೆ ಇಳಿಸ್ಲಿ?" ಎಂದು ವ್ಯಾನಿನ ಡ್ರೈವರ್ ಕೂಗಿದ.

"ಇಲ್ಲಿ ಎಲ್ಲಿ ಜಾಗ ಅದ್ಲಾ? ಗುಂಡ್ಲುಪೇಟೆಗೇ ವಾಪಸ್ ಹೊಡಿ."

"ಒಂದು ಮೂಟೆ ಇಳ್ಸಿ ಹೋಗಪ್ಪ" ಎಂದರು ಅಕ್ಕಾವ್ರು. "ರಾತ್ರಿಗೆ ಇಷ್ಟು ಜನ ಊಟಕ್ಕವ್ರೆ, ನಮ್ಮನೇಲಿ ಬೆಳ್ಳುಳ್ಳಿ ಮುಗಿದು ಎರಡು ದಿನ ಆಯ್ತು."

ಡ್ರೈವರ್ ಕೆಳಗಿಳಿಯುವ ಮೊದಲೇ ತಮ್ಮನವರು ಒಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಅಡುಗೆಮನೆಯ ಕಡೆ ನಡೆದರು.